ಅವ್ವನ ಕೆಳಮನೆ

ನಮ್ಮ ಊರಿನಲ್ಲಿ ಹೆಣ್ಣು ನೋಡಲು ಬಂದವರು ಉಪ್ಪಿಟ್ಟಿನ ತಟ್ಟೆ ಮುಟ್ಟುವ ಮೊದಲು ಕೇಳುವ ಮಾತು ಒಂದೇ: ಕೆಳಮನೆಗೆ ಎಷ್ಟು ಮೆಟ್ಟಿಲು? ಹನ್ನೆರಡಕ್ಕಿಂತ ಕಡಿಮೆಯಿದ್ದರೆ ಹುಡುಗಿ ಬಾಯಿಬಡುಕಿ, ನುಂಗಿಕೊಂಡು ಬಾಳುವವಳಲ್ಲ. ಮೂವತ್ತು ದಾಟಿದ್ದರೆ ಆ ಮನೆಯಲ್ಲಿ ಏನೋ ನಡೆದಿದೆ, ಕಾಫಿ ಕುಡಿದು ಎದ್ದುಬಿಡುವುದು ಒಳ್ಳೆಯದು. ಹದಿನೆಂಟು, ಇಪ್ಪತ್ತು ಎಂದರೆ ಮರ್ಯಾದಸ್ಥ ಮನೆತನ. ಮೇಲಿನ ಬೀದಿಗಳಲ್ಲಿ ಮಗು ಮೊದಲ ಸಲ ಬಂದ ಅಳುವನ್ನು ಗಂಟಲಲ್ಲೇ ತಡೆದುಕೊಂಡ ಮಾರನೆಯ ಬೆಳಿಗ್ಗೆ ಹಜಾರದ ಮೂಲೆಯಲ್ಲಿ ಕೆಳಕ್ಕೆ ಒಂದು ಹೊಸ ಮೆಟ್ಟಿಲು ಕಾಣಿಸಿಕೊಳ್ಳುತ್ತದೆ. ಅಜ್ಜಿಯರು ಅದಕ್ಕೆ ಅರಿಸಿನ ಕುಂಕುಮ ಇಟ್ಟು ಬೀದಿಗೆಲ್ಲ ಕೊಬ್ಬರಿ ಸಕ್ಕರೆ ಹಂಚುತ್ತಾರೆ. ಮಗುವಿಗೆ ತಿಳಿವಳಿಕೆ ಬಂತು ಎಂದು ಸಂಭ್ರಮ. ಆಮೇಲೆ ಆಡದೆ ಉಳಿದ ಮಾತು, ತೋರದೆ ಉಳಿದ ಸಿಟ್ಟು, ಕೇಳದೆ ಉಳಿದ ಪ್ರಶ್ನೆ ಎಲ್ಲವೂ ಏನಾದರೊಂದು ವಸ್ತುವಾಗಿ ಕೆಳಗೆ ಬಂದು ಕೂಡುತ್ತಾ ಹೋಗುತ್ತದೆ, ಅದಕ್ಕೆ ತಕ್ಕಂತೆ ಮೆಟ್ಟಿಲೂ ಹೆಚ್ಚುತ್ತದೆ. ಎಷ್ಟು ಹಿಂಡಿದರೂ ಒಣಗದ ಪಂಚೆ, ಹಿಡಿಯಿಲ್ಲದ ಕೊಡೆ, ಮುಟ್ಟಿದರೆ ಬಿಸಿಯಿರುವ ಅರ್ಧ ಇಟ್ಟಿಗೆ. ಯಾವುದು ಯಾವುದರಿಂದ ಆಯಿತು ಎಂದು ಮನೆಯವರು ನೋಡಲು ಇಳಿಯುವುದಿಲ್ಲ. ಅದಕ್ಕೆ ನಾವಿದ್ದೇವೆ.

ಕೆಳಮನೆ ತುಂಬಿದರೆ ಬಾಗಿಲುಗಳು ಸರಿಯಾಗಿ ಹಾಕಿಕೊಳ್ಳುವುದಿಲ್ಲ, ಹಾಲು ಒಡೆಯುತ್ತದೆ, ಮಲಗಿದವರು ಹಲ್ಲು ಕಡಿಯುತ್ತಾರೆ. ಆಗ ಹೊರೆಗೇರಿಗೆ ಹೇಳಿ ಕಳಿಸುತ್ತಾರೆ. ಹೊರೆಗೇರಿ ನಮ್ಮದು. ನಮ್ಮವ್ವ ಕೆಂಚವ್ವ ನಲವತ್ತೊಂದು ವರ್ಷ ಊರಿನ ಕೆಳಮನೆಗಳಿಗೆ ಇಳಿದಳು. ಹಿತ್ತಿಲ ಬಾಗಿಲಿಂದ ಹೋಗಬೇಕು. ಸೆರಗನ್ನು ಮುಖದ ಮೇಲೆ ಎಳೆದುಕೊಳ್ಳಬೇಕು. ಸಾಮಾನನ್ನು ಕೈಯಲ್ಲಿ ತಡವಿಯೇ ಬಿದಿರಿನ ಮಂಕರಿಗೆ ತುಂಬಬೇಕು, ಕಣ್ಣಿಟ್ಟು ನೋಡಕೂಡದು. ಮೇಲೆ ಗೋಣಿತಾಟು ಹೊದಿಸಿ, ತಲೆಗೆ ಬಟ್ಟೆ ಸುತ್ತಿದ ಸಿಂಬಿ ಇಟ್ಟು, ಹೊತ್ತುಕೊಂಡು ಊರಾಚೆಯ ಹಳ್ಳದ ಗುಡ್ಡೆಗೆ ಸುರಿದು ಬರಬೇಕು. ಅವ್ವ ಹೊರಗೆ ಕಾಲಿಟ್ಟ ಕೂಡಲೇ ಮನೆಯವರು ಅವಳು ತುಳಿದ ಮೆಟ್ಟಿಲುಗಳಿಗೆ ನೀರು ಚಿಮುಕಿಸುತ್ತಿದ್ದರು. ಅವರ ಒಳಗಿನ ಹೊಲಸಿಗಿಂತ ಅದನ್ನು ಹೊತ್ತವಳ ಅಂಗಾಲು ಹೊಲಸು. ಇದನ್ನು ನಾನು ಸಿಟ್ಟಿನಿಂದಲೇ ಬರೆಯುತ್ತಿದ್ದೇನೆ, ತಣ್ಣಗೆ ಬರೆಯಲು ನನಗೆ ಬರುವುದಿಲ್ಲ.

ನಮ್ಮ ಕೇರಿಯ ಮನೆಗಳಿಗೆ ಮಾತ್ರ ಕೆಳಮನೆ ಇಲ್ಲ. ನಗರಸಭೆಯವರು ಕಟ್ಟಿಸಿಕೊಟ್ಟ ಮನೆಗಳು, ನಾಲ್ಕು ಗೋಡೆ, ನೆಲಕ್ಕೆ ಕಲ್ಲು ಚಪ್ಪಡಿ. "ಅವರಿಗೆಲ್ಲ ಒಳಗೇನಿರುತ್ತೆ? ಸಿಟ್ಟು ಬಂದ್ರೆ ಬೈತಾರೆ, ಅಳು ಬಂದ್ರೆ ಅಳ್ತಾರೆ, ಮುಗೀತು. ಪುಣ್ಯವಂತರು," ಎಂದು ಮೇಲಿನ ಬೀದಿಯ ಹೆಂಗಸರು ಹೊಟ್ಟೆಕಿಚ್ಚಿನಿಂದ ಎಂಬಂತೆ ಹೇಳುತ್ತಿದ್ದರು. ಅದು ಇರಲಿ. ನಾವೂ ಅದನ್ನೇ ನಂಬಿದ್ದೆವಲ್ಲ, ಅದು ನನಗೆ ಇವತ್ತಿಗೂ ನಾಚಿಕೆ. ಗ್ರಂಥಾಲಯದಲ್ಲಿ ಹರಿದ ಪುಸ್ತಕಗಳಿಗೆ ರಟ್ಟು ಕಟ್ಟುವ ಕೆಲಸ ನನ್ನದು. ಕಟ್ಟುತ್ತಾ ಓದುತ್ತೇನೆ, ಓದಿದ್ದನ್ನು ಭಾನುವಾರ ಕೇರಿಯ ಹೆಂಗಸರಿಗೆ ಗಟ್ಟಿಯಾಗಿ ಹೇಳುತ್ತೇನೆ. ನ್ಯಾಯದ ಬಗ್ಗೆ, ಕೂಲಿಯ ಬಗ್ಗೆ, ಯಾರು ಯಾರ ಬೆನ್ನ ಮೇಲೆ ಕೂತಿದ್ದಾರೆ ಎಂಬುದರ ಬಗ್ಗೆ ಗಂಟೆಗಟ್ಟಲೆ ಮಾತಾಡಬಲ್ಲೆ. ನಾನು ಕೂತು ಮಾತಾಡುತ್ತಿದ್ದ ಚಪ್ಪಡಿಯ ಕೆಳಗೆ ಏನಿದೆ ಎಂದು ಒಂದು ದಿನವೂ ಬಡಿದು ನೋಡಲಿಲ್ಲ.

ಅವ್ವನಿಗೆ ಅರವತ್ತು ತುಂಬಿತೆಂದು ನಗರಸಭೆ ಅವಳನ್ನು ಕೆಲಸದಿಂದ ಬಿಡಿಸಿತು. ಒಂದು ಹಾರ ಹಾಕಿ ಕಳಿಸಿದರು. ಮೂರನೆಯ ದಿನ ಅವಳು ಮಾತು ಬಿಟ್ಟಳು. ಸಿಟ್ಟೇ ಎಂದು ಕೇಳಿದೆ, ಇಲ್ಲ ಎಂದು ತಲೆಯಾಡಿಸಿದಳು. ನೋವೇ ಎಂದರೆ ಅದಕ್ಕೂ ಇಲ್ಲ. ಎರಡು ಮುದ್ದೆ ಉಣ್ಣುತ್ತಿದ್ದವಳು ಒಂದಕ್ಕೆ ಬಂದಳು, ಆಮೇಲೆ ಅರ್ಧಕ್ಕೆ, ನಾಲ್ಕನೆಯ ತಿಂಗಳಿಗೆ ಒಂದು ಲೋಟ ಗಂಜಿಗೆ. ಬಳೆಗಳು ಮೊಣಕೈಯವರೆಗೆ ಜಾರತೊಡಗಿದವು. ಎದುರುಮನೆಯ ಮರಿಯಕ್ಕ ಬಂದು ಎರಡು ದಿನ ಕೆಣಕಿ ನೋಡಿದಳು. "ಏನ್ ಕೆಂಚಿ, ಮುತ್ತು ಉದುರ್ತವೆ ಅಂತ ಬಾಯಿ ಮುಚ್ಕಂಡಿದ್ದೀಯಾ? ಉದುರ್ಲಿ ಬಿಡು, ನಾನ್ ಆಯ್ಕತೀನಿ." ಅವ್ವ ನಕ್ಕಳು. ಬಾಯಿ ಮಾತ್ರ ಬಿಡಲಿಲ್ಲ. ಮೂರನೆಯ ದಿನ ಮರಿಯಕ್ಕ ನನ್ನನ್ನು ಹೊರಗೆ ಕರೆದು, "ಅಮ್ಮಿ, ಹಿಂಗೇ ಬುಟ್ರೆ ನಿಮ್ಮವ್ವ ಉಳಿಯಾಕಿಲ್ಲ," ಎಂದಳು.

ಇಂಥ ಕಾಯಿಲೆಗೆಂದೇ ನಮ್ಮ ಊರಿನಲ್ಲಿ ಆಲಿಕೆಮನೆ ಇದೆ. ಅದಕ್ಕೆ ಎರಡು ಪಕ್ಕ. ಎಡಪಕ್ಕದಲ್ಲಿ ಅಗೆಯುವವರು. ಅವರು ನಿಮ್ಮ ಕೆಳಮನೆಯಿಂದ ತಂದ ವಸ್ತುವನ್ನು ಮೇಜಿನ ಮೇಲಿಟ್ಟು, ಇದು ನಿಮಗೆ ಎಷ್ಟನೇ ವಯಸ್ಸಿನದು, ಆಗ ಮನೆಯಲ್ಲಿ ಯಾರ್ಯಾರಿದ್ದರು, ಅಮ್ಮ ಯಾರನ್ನು ಹೆಚ್ಚು ಮುದ್ದು ಮಾಡುತ್ತಿದ್ದಳು ಎಂದು ಕೆದಕುತ್ತಾ ಕೆದಕುತ್ತಾ ಏಳು ವರ್ಷದ ವಯಸ್ಸಿಗೂ ಹಿಂದಕ್ಕೆ ಕರೆದುಕೊಂಡು ಹೋಗುತ್ತಾರೆ. ಅಲ್ಲಿಗೆ ಹೋಗಿ ಬಂದವರೆಲ್ಲ ಅಪ್ಪನ ಹತ್ತಿರ ಮಾತು ಬಿಡುತ್ತಾರೆ. ನಮ್ಮೂರಿನ ಅಪ್ಪಂದಿರು ಬೀದಿಯಲ್ಲಿ ತಗ್ಗಿ ಬಗ್ಗಿ ನಡೆಯುವುದು ಅದಕ್ಕೇ. ಬಲಪಕ್ಕದಲ್ಲಿ ಕೂರುವವರು. ಅವರು ಅಗೆಯುವುದಿಲ್ಲ, ಸುಮ್ಮನೆ ಎದುರಿಗೆ ಕೂತು ಕೇಳಿಸಿಕೊಳ್ಳುತ್ತಾರೆ, ಮನುಷ್ಯ ತನ್ನ ದಾರಿಯನ್ನು ತಾನೇ ಕಂಡುಕೊಳ್ಳುತ್ತಾನೆ ಎಂದು ಅವರ ನಂಬಿಕೆ. ಅಲ್ಲಿಂದ ಹೊರಬಂದವರು "ನಾನಿರೋದೇ ಹೀಗೆ" ಎನ್ನುತ್ತಾ ನಲ್ಲಿಯ ಸಾಲಿನಲ್ಲಿ ಮುಂದೆ ನುಗ್ಗುತ್ತಾರೆ. ಎರಡು ಪಕ್ಕದವರಿಗೂ ಒಬ್ಬರನ್ನು ಕಂಡರೆ ಒಬ್ಬರಿಗೆ ಆಗದು. ಆದರೂ ಎರಡು ಕಡೆಯೂ ಜನ ಗುಣವಾದದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ಅವ್ವನ ಕೈ ಹಿಡಿದುಕೊಂಡು ಹೋದೆ.

ಎಡಪಕ್ಕದ ಡಾಕ್ಟರು ನಾಗಭೂಷಣ ಚೀಟಿ ಬರೆಯಲು ಪೆನ್ನು ತೆಗೆದವರು ವಿಳಾಸ ಕೇಳಿ ಅದನ್ನು ಮುಚ್ಚಿದರು. "ಹೊರೆಗೇರಿಯೇ? ನೋಡಮ್ಮ, ತಪ್ಪು ತಿಳಿಯಬೇಡ. ಕೆಳಮನೆ ಪತ್ರ ಇಲ್ಲದೆ ಇಲ್ಲಿ ಯಾರನ್ನೂ ತಗೊಳ್ಳೋ ಹಾಗಿಲ್ಲ. ನಿಮ್ಮ ತಾಯಿಗೆ ಕೆಳಮನೆಯೇ ಇಲ್ಲ ಅಂದ ಮೇಲೆ ನಾನು ಎಲ್ಲಿ ಅಂತ ಅಗೀಲಿ? ಹೊಟ್ಟೆಯ ತೊಂದರೆ ಇರಬೇಕು. ದೊಡ್ಡಾಸ್ಪತ್ರೆಗೆ ತೋರಿಸು."

ಬಲಪಕ್ಕದ ಬಾಗಿಲಲ್ಲಿ ಜುಲೇಖಾಬಿ ಎಂಬ ಹಿರಿಯ ಹೆಂಗಸು ಕುರ್ಚಿ ಹಾಕಿಕೊಂಡು ಕೂತಿದ್ದರು. ಅವರೂ ಪತ್ರವಿಲ್ಲದೆ ಒಳಗೆ ಬಿಡುವಂತಿರಲಿಲ್ಲ. ಆದರೆ ಎದ್ದು ಅವ್ವನಿಗೆ ಕುರ್ಚಿ ಕೊಟ್ಟರು. ಊರಿನಲ್ಲಿ ಅವ್ವನಿಗೆ ಯಾರಾದರೂ ಕುರ್ಚಿ ಕೊಟ್ಟದ್ದನ್ನು ನಾನು ನೋಡಿದ್ದು ಅದೇ ಮೊದಲು. ಅವ್ವ ಅದರ ತುದಿಯಲ್ಲಿ ಬೀಳುವವಳಂತೆ ಕೂತಳು.

"ಒಳಗೆ ಬಿಡೋ ಅಧಿಕಾರ ನನಗಿಲ್ಲ ಬೇಟಿ," ಎಂದರು ಜುಲೇಖಾಬಿ. "ಆದ್ರೆ ಒಳಗೆ ನಾವೇನು ಮಾಡ್ತೀವಿ ಅಂತ ಹೇಳೋದಕ್ಕೆ ಯಾರ ಅಪ್ಪಣೆನೂ ಬೇಕಿಲ್ಲ."

"ಏನ್ ಮಾಡ್ತೀರಮ್ಮ?"

"ಏನೂ ಮಾಡಲ್ಲ. ಅದೇ ಕಷ್ಟ. ಕೇಳಿಸ್ಕೋತೀವಿ. ತಿದ್ದಲ್ಲ, ಬುದ್ಧಿ ಹೇಳಲ್ಲ, ಹೋಗ್ಲಿ ಬಿಡಿ ಅನ್ನಲ್ಲ. ನಮ್ಮ ಮೇಲೇ ಬಂದ್ರೂ ಹಂಗಲ್ಲ ಹಿಂಗೆ ಅನ್ನಲ್ಲ. ಎದುರಿಗಿರೋರು ಹೆಂಗಿದ್ದಾರೋ ಹಂಗೇ ನಮಗೆ ಬೇಕು. ನಾಟಕ ಆಡಿದ್ರೆ ಅವರಿಗೆ ಗೊತ್ತಾಗಿಬಿಡುತ್ತೆ. ಹನ್ನೆರಡು ವರ್ಷ ಆಯ್ತು ಕಲಿಯೋಕೆ ಕೂತು, ಇನ್ನೂ ಬಂದಿಲ್ಲ ನನಗೆ." ಆಮೇಲೆ ದನಿ ತಗ್ಗಿಸಿ, "ಪತ್ರ ತಗೊಂಡು ಬಾ. ನಿಮ್ಮಮ್ಮನ್ನ ನಾನೇ ಕೂರಿಸ್ಕೋತೀನಿ," ಎಂದರು.

ಪತ್ರ ಕೊಡುವವರು ನಗರಸಭೆಯ ಪರಿಶೀಲಕ ಅನಂತಪದ್ಮಯ್ಯ. ಕೆಟ್ಟ ಮನುಷ್ಯರಲ್ಲ. ಕೆಟ್ಟವರಾಗಿದ್ದರೆ ಜಗಳವಾದರೂ ಆಡಬಹುದಿತ್ತು. ಅವರು ನನ್ನನ್ನು ಕೂರಿಸಿ, ಬಿಳಿ ಹಾಳೆಯ ಮೇಲೆ ಏಣಿಯ ಚಿತ್ರ ಬರೆದು ತಿಳಿಸಿ ಹೇಳಿದರು. "ನೋಡಮ್ಮ ದ್ಯಾವಮ್ಮ, ಶಾಸ್ತ್ರ ಓದಿದವರು ಹೇಳಿರೋದು. ಮನುಷ್ಯನಿಗೆ ಮೊದಲು ಹೊಟ್ಟೆ. ಆಮೇಲೆ ಸೂರು, ಭದ್ರತೆ. ಆಮೇಲೆ ನಮ್ಮೋರು ತಮ್ಮೋರು. ಆಮೇಲೆ ಮರ್ಯಾದೆ. ಇಷ್ಟೆಲ್ಲ ಹತ್ತಿದ ಮೇಲೆ ತಾನು ಯಾರು, ತನ್ನ ಒಳಗೇನು ಅನ್ನೋದು. ನಿಮ್ಮ ಜನ ಇನ್ನೂ ಕೆಳಗಿನ ಮೆಟ್ಟಿಲಲ್ಲೇ ಇದ್ದೀರಿ. ಅದಕ್ಕೆ ನಗರಸಭೆ ಸೂರು ಕೊಟ್ಟಿದೆ. ಒಳಮನಸ್ಸಿನ ವಿಚಾರ ಮುಂದೆ ನಿಮ್ಮ ಮೊಮ್ಮಕ್ಕಳ ಕಾಲಕ್ಕೆ ಬರುತ್ತೆ."

"ಸ್ವಾಮಿ, ಹಸಿದೋಳು ಅವಮಾನ ಬಂದ್ರೆ, ಅದನ್ನ ಉಂಡಾದ ಮೇಲೆ ಬಾ ಅಂತ ಕಳಿಸ್ತಾಳಾ?" ಎಂದೆ.

ಅವರಿಗೆ ನಗು ಬಂತು, ತಡೆದುಕೊಂಡರು. ಅವರ ಮನೆಯಲ್ಲಿ ಅದು ಏನಾಗಿ ಕೂತಿತೋ. "ವಾದ ಬೇಡಮ್ಮ. ನಿಯಮ ನಿಯಮವೇ. ಕೆಳಮನೆ ಇದ್ದರೆ ತೋರಿಸು, ಬಂದು ನೋಡ್ತೀನಿ. ಬರೀ ಗುಂಡಿ ತೋಡಿ ತೋರಿಸಿದರೆ ಆಗಲ್ಲ. ಒಂದು ಮಂಕರಿಯಷ್ಟಾದರೂ ಸಾಮಾನು ಇರಬೇಕು."

ಮನೆಗೆ ಬಂದಾಗ ಮಧ್ಯಾಹ್ನ. ಅವ್ವ ಒರಳಿನ ಪಕ್ಕ ಚಾಪೆಯಿಲ್ಲದೆ ಮಲಗಿ ಕೆನ್ನೆಯನ್ನು ಚಪ್ಪಡಿಗೆ ಒತ್ತಿದ್ದಳು. ನಾಲ್ಕು ತಿಂಗಳಿಂದ ದಿನಾ ಅಲ್ಲೇ ಹಾಗೇ ಮಲಗುತ್ತಿದ್ದಳು. ಸೆಖೆಗೆ ಕಲ್ಲು ತಂಪು ಎಂದು ನಾನು ಅಂದುಕೊಂಡಿದ್ದೆ. ಅವತ್ತು ಯಾಕೋ ನಾನೂ ಪಕ್ಕದಲ್ಲಿ ಮಲಗಿ ಕಿವಿಯಿಟ್ಟೆ. ಬೆರಳ ಗೆಣ್ಣಿನಿಂದ ತಟ್ಟಿದೆ. ತುಂಬಿದ ನೆಲದ ಸದ್ದಲ್ಲ ಅದು. ಅವ್ವ ಕಣ್ಣು ಬಿಟ್ಟು ನನ್ನನ್ನೇ ನೋಡಿದಳು. ಅವಳಿಗೆ ಗೊತ್ತಿತ್ತು.

ಮರಿಯಕ್ಕನನ್ನೂ ಪಕ್ಕದ ಮನೆಯ ಇಬ್ಬರನ್ನೂ ಕೂಗಿದೆ. ಒರಳು ಸರಿಸಿ, ಸಂದಿಗೆ ಹಾರೆ ಹಾಕಿ ಮೀಟಿದೆವು. ಚಪ್ಪಡಿ ಒಂದು ಗೇಣು ಎದ್ದಿತು, ಆಮೇಲೆ ಪೂರ್ತಿ ವಾಲಿತು. ಕೆಳಗೆ ಮೆಟ್ಟಿಲು. ನಾಲ್ಕೇ ನಾಲ್ಕು ಕಂಡವು, ಐದನೆಯದರಿಂದ ಆಚೆಗೆ ಸಾಮಾನು ತುಂಬಿ ತುಳುಕುತ್ತಿತ್ತು. ಮರಿಯಕ್ಕ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಲೇ ದ್ಯಾವಿ, ನಿಮ್ಮವ್ವ ಬಲು ಶ್ರೀಮಂತೆ ಕಣೆ. ಮೇಲಿನ ಬೀದೀಲಿ ಯಾರ ಮನೇಲೂ ಇಷ್ಟು ಕೈಗೆ ಸಿಕ್ಕಿಲ್ಲ ನಂಗೆ." ಯಾರೂ ನಗಲಿಲ್ಲ. ಹೆಂಗಸರು ಒಬ್ಬೊಬ್ಬರಾಗಿ ಎದ್ದು ತಮ್ಮ ತಮ್ಮ ಮನೆಗೆ ಹೋದರು. ಸ್ವಲ್ಪ ಹೊತ್ತಿಗೆ ಕೇರಿಯ ತುಂಬ ಕಲ್ಲಿನ ಮೇಲೆ ಕಲ್ಲು ತಟ್ಟುವ ಸದ್ದು ಕೇಳತೊಡಗಿತು. ಒಂದು ಮನೆಯಲ್ಲಿ ಟೊಕ್, ಇನ್ನೊಂದು ಮನೆಯಲ್ಲಿ ಟೊಕ್ ಟೊಕ್. ಆಮೇಲೆ ಅದೂ ನಿಂತಿತು. ಅವತ್ತು ಸಂಜೆಯ ಒಲೆ ಹಚ್ಚಲು ಎಲ್ಲರಿಗೂ ತಡವಾಯಿತು.

ಅನಂತಪದ್ಮಯ್ಯನವರು ಗುರುವಾರ ಬರುತ್ತೇನೆಂದರು. ಗುರುವಾರ ಬೆಳಿಗ್ಗೆ ಏಳಕ್ಕೇ ಎದ್ದು ಹೋಗಿ ನಗರಸಭೆಯ ಬೆಂಚಿನ ಮೇಲೆ ಕೂತೆ. ಹೊರಡುವಾಗ ಅವ್ವನಿಗೆ, "ಸಾಹೇಬ್ರು ನೋಡೋಕೆ ಬತ್ತಾರೆ ಕಣವ್ವ," ಎಂದು ಹೇಳಿದ್ದೆ. ಅವಳ ಮುಖ ತುಸು ಅರಳಿದ್ದು ಕಂಡು ನನಗೂ ಹಿಗ್ಗಾಗಿತ್ತು. ಸಾಹೇಬರು ಹನ್ನೊಂದೂವರೆಗೆ ಕೈಚೀಲ ಹಿಡಿದು ಎದ್ದರು.

ಕೇರಿಗೆ ಕಾಲಿಟ್ಟಾಗಲೇ ಏನೋ ಸರಿಯಿಲ್ಲ ಅನ್ನಿಸಿತು. ಬಾಗಿಲಿಗೆ ನೀರು ಹಾಕಿ ಸಾರಿಸಿತ್ತು. ಹೊಸ್ತಿಲಲ್ಲಿ ಅವ್ವ ನಿಂತಿದ್ದಳು, ಸೆರಗು ಸೊಂಟಕ್ಕೆ ಸಿಕ್ಕಿಸಿ, ತಲೆಯ ಮೇಲೆ ಇನ್ನೂ ಸಿಂಬಿ ಇಟ್ಟುಕೊಂಡು. ಅವಳ ಹಿಂದೆ ಮರಿಯಕ್ಕ, ಇನ್ನೂ ಮೂವರು, ಎಲ್ಲರೂ ಬೆವರಿ ತೊಯ್ದಿದ್ದರು. ಸಾಹೇಬರು ಚಪ್ಪಡಿಯ ಬಾಯಿಗೆ ಹೋಗಿ ಟಾರ್ಚು ಬಿಟ್ಟರು. ಅಂಚಿನಲ್ಲಿ ಎಳೆ ರಂಗೋಲಿ. ಕೆಳಕ್ಕೆ ತೊಳೆದ ಮೆಟ್ಟಿಲುಗಳು, ಐವತ್ತಕ್ಕೂ ಮೇಲಿರಬೇಕು. ತಳದಲ್ಲಿ ಗುಡಿಸಿ ನೀರು ಚಿಮುಕಿಸಿದ ಬರಿಯ ನೆಲ.

ನಾನು ಮರಿಯಕ್ಕನ ಕಡೆ ನೋಡಿದೆ.

"ಹದಿನೇಳು ಮಂಕರಿ ಆಯ್ತು ಕಣಮ್ಮಿ," ಎಂದಳು ಹೆಮ್ಮೆಯಿಂದ. "ನೀನ್ ಅತ್ಲಾಗ್ ಹೋದೆ, ಇವ್ಳು ಮಂಕರಿ ತಗಂಡು ಇಳಿದ್ಲು. ನೀನೇ ಯೋಳಿದ್ದಿ ಅನ್ಕಂಡ್ವಿ. ಯಾರೋ ನೋಡಾಕೆ ಬತ್ತಾರೆ ಅಂದ್ರೆ ಹಂಗೇ ಗಲೀಜು ಬುಟ್ಕಂಡು ಕೂರಾಕಾಯ್ತದಾ? ಎಲ್ರೂ ಒಂದೊಂದು ಕೈ ಹಾಕಿದ್ವಿ."

"ನೀವಾದ್ರೂ ನೋಡಿದ್ರಾ ಏನಿತ್ತು ಅಂತ?"

"ಛೆ, ನಾವ್ಯಾಕೆ ನೋಡಾನ," ಎಂದು ಮರಿಯಕ್ಕ ನೊಂದುಕೊಂಡಳು. "ಸೆರಗು ಎಳ್ಕಂಡೇ ತುಂಬಿದ್ದು. ನಲವತ್ ವರ್ಸದಿಂದ ಒಂದಿನ ನೋಡಿಲ್ಲ, ಇವತ್ತು ನಿಮ್ಮವ್ವಂದು ನೋಡ್ತೀವಾ?"

ಸಾಹೇಬರು ಅಷ್ಟೂ ಮೆಟ್ಟಿಲು ಇಳಿದು ಹತ್ತಿ ಬಂದರು. "ಬಹಳ ಚೊಕ್ಕಟವಾಗಿದೆ," ಎಂದು ಮನಸಾರೆ ಹೇಳಿ ನಮೂನೆ ತುಂಬಿದರು. ಅದರಲ್ಲಿ ಹೀಗಿದೆ: ಕೆಳಭಾಗದಲ್ಲಿ ಕೋಣೆ ಇದೆ, ಖಾಲಿ ಇದೆ, ಉಗ್ರಾಣವೆಂದು ಪರಿಗಣಿಸಬಹುದು. ಬೇಕಾದವರು ನಗರಸಭೆಗೆ ಹೋಗಿ ನೋಡಬಹುದು, ಈಗಲೂ ಹಾಗೇ ಇದೆ.

ಅವರು ಹೋದ ಮೇಲೆ ನಾನು ಅವ್ವನ ಮೇಲೆ ಹರಿಹಾಯ್ದೆ. "ಜೀವಮಾನ ಪೂರ್ತಿ ಊರಿನೋರ ಒಳಗು ಹೊತ್ತೆ. ನಿಂದು ಅಂತ ಇದ್ದದ್ದನ್ನ ಅರ್ಧ ದಿನ ಇಟ್ಕಳಾಕೆ ಆಗ್ಲಿಲ್ವಾ? ಆ ಒಂದು ಕಾಗದ ಸಿಕ್ಕಿದ್ರೆ ನೀನು ಉಳೀತಿದ್ದೆ ಕಣವ್ವ." ಅವಳ ಮುಖದಲ್ಲಿ ಬೆಳಿಗ್ಗೆಯಿಂದ ಇದ್ದ ಕಳೆ ಇಳಿಯಿತು. ನಾಲ್ಕು ತಿಂಗಳಲ್ಲಿ ಮೊದಲ ಸಲ ಅವಳು ಅವಳಾಗಿ ಕಂಡಿದ್ದಳು, ಅದನ್ನೂ ನಾನೇ ಒರೆಸಿದೆ. ಅವಳು ಸೆರಗನ್ನು ಬಿಚ್ಚಿ ಮುಖದ ಮೇಲೆ ಎಳೆದುಕೊಂಡಳು. ಮೂಲೆಯಲ್ಲಿ ಬೋರಲು ಹಾಕಿದ್ದ ಮಂಕರಿ ಎತ್ತಿಕೊಂಡು ಹಳ್ಳದ ದಾರಿ ಹಿಡಿದಳು. ನಾನು ಹಿಂದೆ ಹಿಂದೆ ನಡೆದೆ. ಅಷ್ಟು ಸೊರಗಿದವಳ ಹೆಜ್ಜೆಗೆ ನನ್ನ ಹೆಜ್ಜೆ ಸಾಟಿಯಾಗಲಿಲ್ಲ.

ಗುಡ್ಡೆಯನ್ನು ನಾನು ಹತ್ತಿರದಿಂದ ನೋಡಿದ್ದು ಅವತ್ತೇ. ನನ್ನನ್ನು ಅವ್ವ ಒಂದು ದಿನವೂ ಅಲ್ಲಿಗೆ ಸೇರಿಸಿರಲಿಲ್ಲ. ದೊಡ್ಡ ಮನೆಗಳ ಎತ್ತರಕ್ಕೆ ಬಿದ್ದಿತ್ತು, ಬಿಸಿಲಿಗೆ ಆವಿಯಾಡುತ್ತಿತ್ತು. ನಾಲಿಗೆಯಿಲ್ಲದ ಗಂಟೆಗಳು, ಒದ್ದೆ ದಿಂಬುಗಳು, ಯಾವ ಬಾಗಿಲಿಗೂ ಹೊಂದದ ಚಿಲಕಗಳು, ಹುರಿ ಕಳಚಿದ ಮಂಚ, ಎಳೆಗೂಸಿನ ಟೋಪಿ. ಪುರೋಹಿತರ ಮನೆಯದು, ಡಾಕ್ಟರ ಮನೆಯದು, ಶಾಲೆಯದು, ಪರಿಶೀಲಕರದು, ಈಗ ಅದರ ಮೇಲೆ ಹದಿನೇಳು ಮಂಕರಿ ಅವ್ವನದು. ನಾನು ಸೆರಗು ಎತ್ತಿಕಟ್ಟಿ ಹುಡುಕಲು ಹೊರಟೆ. ಹೊರೆಗೇರಿಯವರ ಸಾಮಾನಿಗೆ ಏನಾದರೂ ಗುರುತು ಇದ್ದೇ ಇರುತ್ತದೆ, ಬಣ್ಣ ಬೇರೆ ಇರುತ್ತದೆ, ವಾಸನೆ ಬೇರೆ ಇರುತ್ತದೆ ಎಂದು ನನ್ನ ಮನಸ್ಸಿನ ಯಾವುದೋ ಮೂಲೆ ನಂಬಿತ್ತು. ಅಷ್ಟು ಪುಸ್ತಕ ಓದಿದ ಮನಸ್ಸು. ಒಂದು ಕೊಡೆ ಎತ್ತಿ ಇದಾ ನಿಂದು ಎಂದೆ, ಅವ್ವ ತಲೆಯಾಡಿಸಿದಳು. ಅಲ್ಲ. ಒಂದು ಹಿತ್ತಾಳೆ ತಂಬಿಗೆ ಸಿಕ್ಕಾಗ ಇದಂತೂ ಅಲ್ಲ ಎಂದು ನಾನೇ ಎಸೆದೆ. ಅವ್ವ ಅದನ್ನು ಎತ್ತಿ ಮಡಿಲಲ್ಲಿ ಒರೆಸಿ ಪಕ್ಕಕ್ಕೆ ಇಟ್ಟುಕೊಂಡಳು. ಅದು ಅವಳದೇ. ಆಮೇಲೆ ನಾನು ಹುಡುಕುವುದನ್ನು ಬಿಟ್ಟು ನೆಲದ ಮೇಲೆ ಕೂತೆ.

ಅವ್ವ ಸೆರಗನ್ನು ಮುಖದಿಂದ ತೆಗೆದು ಹಿಂದಕ್ಕೆ ಹಾಕಿಕೊಂಡಳು. ಗುಡ್ಡೆಯ ಮುಂದೆ ಬರಿಗಣ್ಣಲ್ಲಿ ನಿಂತಳು. ಸಂತೆಯಲ್ಲಿ ಸೊಪ್ಪು ಆರಿಸುವವಳ ಹಾಗೆ ಅವಸರವಿಲ್ಲದೆ ಅದನ್ನು ಸರಿಸಿ ಇದನ್ನು ಸರಿಸಿ, ಕೊನೆಗೆ ಬಗ್ಗಿ ಏನನ್ನೋ ಎತ್ತಿಕೊಂಡು ನನ್ನ ಎದುರಿಗೆ ಬಂದು ಕೂತಳು. ಅಂಗೈಯಲ್ಲಿ ಒಂದು ಸಿಂಬಿ. ತಲೆಗೆ ಇಡುವಂಥದ್ದಲ್ಲ, ಮುಷ್ಟಿಯೊಳಗೆ ಅಡಗುವಷ್ಟು ಚಿಕ್ಕದು. ಬಟ್ಟೆಯ ಬದಲು ಕೆಂಪು ಟೇಪಿನಿಂದ ಸುತ್ತಿದ್ದು. ಶಾಲೆಗೆ ಹೋಗುವ ಹುಡುಗಿಯರು ಎರಡು ಜಡೆಗೆ ಕಟ್ಟಿಕೊಳ್ಳುವ ಟೇಪು.

"ಇದು," ಎಂದಳು. ದನಿ ಅಲ್ಲಿಗೇ ನಿಂತಿತು. ಎಂಜಲು ನುಂಗಿ ಮತ್ತೆ ಶುರು ಮಾಡಿದಳು. "ಇದು ನೀನು ಎಲ್ಡನೇ ಕ್ಲಾಸು."

ನಾನು ಹತ್ತಿರಕ್ಕೆ ಸರಿದು ಕೂತೆ.

"ಇಸ್ಕೂಲಿನ ಕೆಳಮನೆ ತುಂಬ್ಕಂಡಿತ್ತು. ಹೆಡ್‌ಮಾಸ್ಟ್ರು ಯೋಳಿಕಳಿಸಿದ್ರು. ನಿನ್ ಕ್ಲಾಸಿನ ಪಕ್ಕದಾಗೇ ಮೆಟ್ಲು. ಮಂಕರಿ ಹೊತ್ಕಂಡು ಮ್ಯಾಕೆ ಬತ್ತಿದ್ದೆ. ಕಿಟಕೀಲಿ ನೀನು ಕಂಡೆ. ಕೆಂಪು ಟೇಪು ಹಾಕಿದ್ದೆ ನಾನೇ ಬೆಳಿಗ್ಗೆ. ಎಷ್ಟು ಲಕ್ಷಣವಾಗಿ ಕುಂತಿದ್ದೆ ನೀನು. ನೋಡ್ಕಂಡು ನಿಂತ್ಬುಟ್ಟೆ. ಟೀಚರು ನನ್ನ ನೋಡಿ ನಿನ್ನ ಕೇಳಿದ್ರು, ಲೇ ಹುಡುಗಿ, ಅವ್ಳು ನಿಮ್ಮವ್ವ ಅಲ್ವೇನೆ ಅಂತ."

ನನಗೆ ಅಂಥದ್ದೇನೂ ನೆನಪಿರಲಿಲ್ಲ. ಬೇರೆ ಯಾರಾದರೂ ಹೇಳಿದ್ದರೆ ಸುಳ್ಳು ಎಂದು ಆಣೆ ಮಾಡುತ್ತಿದ್ದೆ. ಆದರೆ ಕಿವಿಯ ಹಿಂದೆ ಬಿಗಿಯಾಗಿ ಎಳೆದು ಕಟ್ಟಿದ ಜಡೆಯ ನೋವು ತಟ್ಟನೆ ಬಂತು. ಸೀಮೆಸುಣ್ಣದ ವಾಸನೆ ಬಂತು. ಮುಂದಿನ ಬೆಂಚಿನ ಹುಡುಗಿಯರೆಲ್ಲ ಒಟ್ಟಿಗೆ ನನ್ನ ಕಡೆ ತಿರುಗಿದ್ದು ಕಂಡಿತು. ಅವ್ವ ಮುಂದಿನ ಮಾತು ಹೇಳುವ ಮೊದಲೇ ಅದು ಏನೆಂದು ನನಗೆ ಗೊತ್ತಾಗಿಹೋಯಿತು.

"ಅಲ್ಲ ಅಂದೆ ನೀನು. ನಮ್ಮವ್ವ ಸತ್ತೋಗವ್ಳೆ ಅಂದೆ."

ಹಳ್ಳದ ಆಚೆ ಯಾರದೋ ಎಮ್ಮೆ ಕೂಗಿತು. ಅವ್ವ ಟೇಪಿನ ಸಿಂಬಿಯನ್ನು ಬೆರಳಲ್ಲಿ ತಿರುಗಿಸುತ್ತಿದ್ದಳು.

"ಸಂಜೀಕೆ ಮನೆಗ್ ಬಂದೆ. ಅವ್ವ ಹಸಿವು ಅಂದೆ. ಇಕ್ಕಿದೆ. ಉಂಡೆ. ನಂಗೆ ಕೇಳ್ಬೇಕು ಅನ್ನಿಸ್ತು, ನಾನು ಸತ್ತಿದ್ರೆ ನಿಂಗೆ ಯಾರವ್ವ ಇಕ್ಕೋರು ಅಂತ. ಮಗೂನ ಏನ್ ಕೇಳಾದು ಅಂತ ಸುಮ್ಕಾದೆ. ಅವತ್ತು ಸುಮ್ಕಾದೋಳು ಮೂವತ್ತು ವರ್ಸ ಆಯ್ತು."

ನನ್ನ ಬಾಯಿಗೆ ಮೂರು ಮಾತು ಒಟ್ಟಿಗೆ ನುಗ್ಗಿದವು. ನಾನು ಆಗ ಏಳು ವರ್ಷದವಳು, ಏನು ಗೊತ್ತಿತ್ತು ನನಗೆ ಎಂಬುದು ಒಂದು. ತಪ್ಪು ನನ್ನದಲ್ಲ, ಎಲ್ಲರ ಮುಂದೆ ಹಾಗೆ ಕೇಳಿದ ಟೀಚರದು ಎಂಬುದು ಇನ್ನೊಂದು. ಮೂರನೆಯದು, ಏಳು ವರ್ಷದ ಮಗು ಹೆತ್ತವ್ವನನ್ನು ಸತ್ತಳೆಂದು ಹೇಳುವ ಹಾಗೆ ಮಾಡಿದ ಈ ಊರು ಎಂಥದ್ದು ಎಂಬುದು. ಮೂರನೆಯದು ನಿಜ. ಅದನ್ನು ನಾನು ಎಷ್ಟೋ ಭಾನುವಾರ ಗಂಟಲು ಹರಿಯುವಂತೆ ಹೇಳಿದ್ದೇನೆ, ಮುಂದೆಯೂ ಹೇಳುತ್ತೇನೆ, ಈ ಊರಿನ ಮೆಟ್ಟಿಲುಗಳಿಗೆ ನೀರು ಚಿಮುಕಿಸುವವರ ಮುಖದ ಮೇಲೆ ಹೇಳುತ್ತೇನೆ. ಆದರೆ ಅವತ್ತು, ಆ ಹೊತ್ತಿನಲ್ಲಿ ಅದನ್ನು ಆಡಿದ್ದರೆ ನನ್ನ ಆ ನಿಜವೂ ಅವಳ ಮೇಲೆ ಎಳೆದ ಇನ್ನೊಂದು ಚಪ್ಪಡಿಯಾಗುತ್ತಿತ್ತು. ಅವಳು ಊರಿನ ವಿಚಾರ ಹೇಳಲು ಬಾಯಿ ತೆರೆದಿರಲಿಲ್ಲ. ನಾನು ಅಂದ ಒಂದು ಮಾತಿನ ವಿಚಾರ ಹೇಳುತ್ತಿದ್ದಳು. ಮೂರನ್ನೂ ನುಂಗಿದರೆ ಅವು ಹೋಗಿ ನಮ್ಮ ಮನೆಯ ತೊಳೆದ ನೆಲದ ಮೇಲೆ ಬೀಳುತ್ತಿದ್ದವು. ಹಾಗಾಗಿ ನುಂಗಲೂ ಇಲ್ಲ, ಉಗುಳಲೂ ಇಲ್ಲ. ಅವು ತಾವಾಗಿ ಸರಿದು ಹೋಗುವವರೆಗೆ ಅವ್ವನ ಮುಖ ನೋಡುತ್ತಾ ಕೂತೆ. ಬಹಳ ಹೊತ್ತು ಬೇಕಾಯಿತು. ಅಳು ಬಂತು, ತಡೆಯಲಿಲ್ಲ.

ಎಲ್ಲ ಸರಿದ ಮೇಲೆ ಉಳಿದದ್ದು ಒಂದೇ.

"ಹೂಂ ಅವ್ವ," ಎಂದೆ. "ಹಂಗಂದಿದ್ದೆ."

ಅವ್ವ ತಲೆಯೆತ್ತಿದಳು. ನನ್ನ ಮುಖವನ್ನು ಹಣೆಯಿಂದ ಗಲ್ಲದವರೆಗೆ ಓದುವವಳಂತೆ ನೋಡಿದಳು. ಅವಳಿಗೆ ಓದು ಬಾರದು.

"ಗಟ್ಟಿ ದನಿ ನಿಂದು ಆಗ್ಲೇ," ಎಂದಳು. "ಇಸ್ಕೂಲಿಗೆಲ್ಲ ಕೇಳಿಸ್ತು."

"ಹೂಂ."

"ನೋವಾಯ್ತು ಕಣೆ."

"ಹೂಂ ಅವ್ವ."

ಆಮೇಲೆ ಇಬ್ಬರೂ ಸುಮ್ಮನಿದ್ದೆವು. ನಮ್ಮಲ್ಲಿ ಯಾರೂ ಏನನ್ನೂ ಬಚ್ಚಿಟ್ಟುಕೊಳ್ಳದ ಮೌನ ಅದು, ನಮ್ಮ ಊರಿನಲ್ಲಿ ಅಪರೂಪ. ದಾರಿಯ ಕಡೆಯಿಂದ ಸದ್ದಾಯಿತು. ಮರಿಯಕ್ಕ ಬರುತ್ತಿದ್ದಳು, ತನ್ನದೊಂದು ಮಂಕರಿ ಹೊತ್ತು, ಗೋಣಿತಾಟು ಹೊದಿಸದೆ, ಸೆರಗು ಎಳೆದುಕೊಳ್ಳದೆ. ಒಳಗೆ ಏನಿತ್ತೋ ದೂರದಿಂದ ಕಾಣಲಿಲ್ಲ. ಅವಳು ಗುಡ್ಡೆಗೆ ಸುರಿಯಲಿಲ್ಲ. ನಮ್ಮಿಂದ ಹತ್ತು ಮಾರು ದೂರದಲ್ಲಿ ಮಂಕರಿ ಇಳಿಸಿ, ಅದರ ಪಕ್ಕ ಕಾಲು ಚಾಚಿ ಕೂತು, ನಮ್ಮನ್ನು ಕರೆಯದೆ, ನಮ್ಮ ಕಡೆ ನೋಡದೆ, ತನ್ನ ಸರದಿ ಬಂದಾಗ ಬರಲಿ ಎಂಬಂತೆ ಎಲೆಯಡಿಕೆ ಹಾಕಿಕೊಂಡಳು.

ಅವ್ವ ತಂಬಿಗೆಯನ್ನು ಎಳೆದು ಮಡಿಲಿಗೆ ಇಟ್ಟುಕೊಂಡಳು. ಅದನ್ನು ಒಮ್ಮೆ, ಗುಡ್ಡೆಯನ್ನು ಒಮ್ಮೆ ನೋಡಿ ಲೆಕ್ಕ ಹಾಕುವವಳಂತೆ ತುಟಿ ಕಚ್ಚಿದಳು. "ಇದು ನಂಗೆ ಐದೊರ್ಸ ಆಗಿದ್ದಾಗಿಂದು. ಇದ್ರ ಕತೆ ಉದ್ದ ಐತೆ," ಎಂದಳು. "ಮದ್ಲು ಮನೆಗೆ ನಡಿ, ಒಂದಿಷ್ಟು ಉಣ್ಣಾನ. ಬರಿ ಹೊಟ್ಟೇಲಿ ಹೇಳಾಕಾಗಲ್ಲ ಇದು. ಉಂಡ್ಕಂಡು ಬಂದು ಕೂರಾನ."